ಬಟಾಟೆಗೂ ಒಂದು ಹೆಸರು ಬೇಡವಾ?

ಕಳೆದ ಮೇ ತಿಂಗಳಲ್ಲಿ ಅಕ್ಕನ ಮಗನ ಉಪನಯನಕ್ಕೆ ಉಡುಪಿಗೆ ಹೋಗಿದ್ದೆ. ಭಾವನದ್ದೇ ಕೇಟರಿಂಗ್, ಹಾಗಾಗಿ ಅಡುಗೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಊಟ ಚೆನ್ನಾಗಿಯೇ ಆಯಿತು. ಸಂಜೆ ಮಕ್ಕಳಿಗೆ ಅಂತ ಫಿಂಗರ್ ಚಿಪ್ಸ್ ಕರಿದಿದ್ದರು. ಬಾಣಲೆಯಿಂದ ಎತ್ತುವಾಗಲೇ ಕಪ್ಪು ಕಪ್ಪು. ಬಾಯಿಗೆ ಹಾಕಿದರೆ ಹೊರಗೆ ಕಹಿ, ಒಳಗೆ ಸಿಹಿ. ಎಲ್ಲರೂ ಭಟ್ರನ್ನು ಬೈದರು: ಎಣ್ಣೆ ಜಾಸ್ತಿ ಕಾದಿದೆ ಅಂತ.

ತಪ್ಪು ಎಣ್ಣೆಯದ್ದಲ್ಲ, ಬಟಾಟೆಯದ್ದು ಅಂತ ನನಗೆ ಗೊತ್ತಿತ್ತು. ಸುಮ್ನೆ ಇರಬಹುದಿತ್ತು. ‘ಇದು ಯಾವ ಜಾತಿಯ ಬಟಾಟೆ ಭಾವ?’ ಅಂತ ಕೇಳಿಬಿಟ್ಟೆ.

‘ಬಟಾಟೆಯ ಜಾತಿ ಎಂತ ಮಾರಾಯ? ಇಲ್ಲಿ ಮನುಷ್ಯರದ್ದೇ ಸಾಕಾಗಿದೆ’ ಅಂದರು ಭಾವ. ಚಪ್ಪರದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಚುಚ್ಚಿತು.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಅಲ್ಲಿ ನಮ್ಮ ಬೀದಿಯ ಕೊನೆಗೆ ಒಂದು ಚಿಪ್ಸ್ ಅಂಗಡಿ ಉಂಟು. ಯಾರ್ಕ್‌ಷೈರ್ ಕಡೆ ಇಂಥ ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲೇ ಕರಿಯುವವರು ಬಹಳ ಜನ. ಎಣ್ಣೆಯಲ್ಲಿ ಕರಿಯುವವನನ್ನು ಹುಡುಕಲು ನನಗೆ ಒಂದು ವರ್ಷ ಬೇಕಾಯಿತು. ಇವನ ಅಂಗಡಿಯ ಗೋಡೆಯ ಮೇಲೆ ಒಂದು ಕಪ್ಪು ಹಲಗೆ. ಅದರಲ್ಲಿ ಸೀಮೆಸುಣ್ಣದಲ್ಲಿ ಬರೆದಿರುತ್ತದೆ: ‘ಇವತ್ತಿನ ಆಲೂಗಡ್ಡೆ: ಮಾರಿಸ್ ಪೈಪರ್’. ಕೆಳಗೆ ಲಿಂಕನ್‌ಷೈರಿನ ಒಬ್ಬ ರೈತನ ಹೆಸರು. ಮೊದಲ ಸಲ ನೋಡಿದಾಗ ಇದೆಂತ ಜಂಬ ಅನ್ನಿಸಿತ್ತು. ಇಲ್ಲಿ ಬಹಳ ಅಂಗಡಿಗಳಲ್ಲಿ ಹೀಗೇ ಬರೆಯುತ್ತಾರೆ ಅಂತ ಆಮೇಲೆ ಗೊತ್ತಾಯಿತು.

ಮಾರಿಸ್ ಪೈಪರ್ 1966ರಲ್ಲಿ ಮಾರುಕಟ್ಟೆಗೆ ಬಂದ ತಳಿ. ಇವತ್ತಿಗೂ ಚಿಪ್ಸ್ ಅಂಗಡಿಯವರು ಅದನ್ನು ಬಿಟ್ಟಿಲ್ಲ. ಹಿಟ್ಟಿನಂಶ ಜಾಸ್ತಿ, ನೀರು ಕಡಿಮೆ. ನಮ್ಮ ಅಂಗಡಿಯವನು ಹೊಸ ಲೋಡು ಬಂದರೆ ಚೀಲ ಇಳಿಸುವ ಮೊದಲು ನಾಲ್ಕು ಗೆಡ್ಡೆ ಕುಯ್ದು, ಕರಿದು ನೋಡುತ್ತಾನೆ. ಕಪ್ಪಾದರೆ ಗಾಡಿ ವಾಪಸ್. ಕಾರಣವನ್ನೂ ಅವನೇ ಹೇಳಿದ್ದು. ಬಟಾಟೆಯನ್ನು 2–4 ಡಿಗ್ರಿ ತಣ್ಣಗೆ ಇಟ್ಟರೆ ಮೊಳಕೆ ಬರುವುದಿಲ್ಲ, ಆದರೆ ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಕ್ಕರೆಯೇ ಕಾದ ಎಣ್ಣೆಯಲ್ಲಿ ಕಪ್ಪಾಗುವುದು. ಕರಿಯುವ ಬಟಾಟೆಯನ್ನು 8–10 ಡಿಗ್ರಿಯಲ್ಲಿ ಬೇರೆ ಇಡಬೇಕು. ಇದೆಲ್ಲ ಆ ರೈತನಿಗೆ ಗೊತ್ತು, ಯಾಕೆಂದರೆ ತನ್ನ ಬಟಾಟೆ ಯಾವ ಬಾಣಲೆಗೆ ಬೀಳುತ್ತದೆ ಅಂತಲೂ ಅವನಿಗೆ ಗೊತ್ತು. ಸಿಪ್ಪೆ ತೆಗೆದು, ಕುಯ್ದು, ಚೀಲದಲ್ಲಿ ತುಂಬಿ ಹೋಟೆಲಿನ ಬಾಗಿಲಿಗೇ ಮುಟ್ಟಿಸುವವರೂ ಉಂಟು.

ಈಗ ನಮ್ಮೂರು ನೋಡಿ. ಮಲ್ಪೆಯ ಅಂಜಲ್ ತರುವವರು ಕಿವಿರು ಎತ್ತಿ ನೋಡದೆ ದುಡ್ಡು ಕೊಡುವುದಿಲ್ಲ, ಐಸಿನದ್ದಾ ಇವತ್ತಿನದ್ದಾ ಅಂತ ಎರಡು ಸಲ ಕೇಳುತ್ತಾರೆ. ಬದನೆಯಾದರೆ ಮಟ್ಟುಗುಳ್ಳವೇ ಆಗಬೇಕು. ಅದಕ್ಕೆ 2011ರಲ್ಲಿ ಜಿಐ, ಅಂದರೆ ಇದು ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಅಕ್ಕಿ ಯಾವುದು, ಮೆಣಸು ಬ್ಯಾಡಗಿಯಾ, ಎಲ್ಲ ಕೇಳುತ್ತೇವೆ. ಬಟಾಟೆಗೆ ಮಾತ್ರ ಊರೂ ಇಲ್ಲ, ಹೆಸರೂ ಇಲ್ಲ. ಮಸಾಲೆ ದೋಸೆ ನಮ್ಮದು ಅಂತ ಲೋಕಕ್ಕೆಲ್ಲ ಹೇಳಿಕೊಳ್ಳುವವರು ನಾವು, ಅದರ ಹೊಟ್ಟೆಯಲ್ಲಿ ಇರುವುದು ಯಾವುದು ಅಂತ ನಮಗೇ ಗೊತ್ತಿಲ್ಲ.

ಶಿರಾಡಿ ಘಾಟಿ ಹತ್ತಿದರೆ ಹಾಸನ. ಒಮ್ಮೆ ಸೆಪ್ಟೆಂಬರಿನಲ್ಲಿ ಬೆಂಗಳೂರಿಂದ ಬರುವಾಗ ಅಲ್ಲಿ ಚಹಾಕ್ಕೆ ನಿಂತಿದ್ದೆ. ಪಕ್ಕದಲ್ಲಿ ಒಬ್ಬರು ಟೆಂಪೋಗೆ ಬಟಾಟೆ ಚೀಲ ಹೇರುತ್ತಿದ್ದರು. ಗೋಣಿಯ ಹೊರಗೂ ಕೆಂಪು ಕೆಸರು. ಎಲ್ಲಿಗೆ ಅಂದರೆ, ‘ಮಂಡಿಗೆ’. ಅಲ್ಲಿಂದ? ‘ಅದು ಮಂಡಿಯವರಿಗೇ ಗೊತ್ತು ಸ್ವಾಮಿ.’ ಉಡುಪಿಯ ಹೋಟೆಲುಗಳಿಗೂ ಹೋಗುತ್ತದೆ ಅಂದಾಗ ಒಮ್ಮೆ ನನ್ನ ಮುಖ ನೋಡಿ, ಮತ್ತೆ ಚೀಲ ಹೇರಿದರು.

ಇಲ್ಲೇ ನನಗೆ ಸಿಟ್ಟು ಬರುವುದು. ಕರಾವಳಿಯಲ್ಲಿ ಬೀದಿಗೊಂದು ಹೋಟೆಲು, ಸೀಸನ್ನಿನಲ್ಲಿ ದಿನಕ್ಕೆ ಹತ್ತಾರು ಮದುವೆ. ಬಾಜಿಗೆ, ಅಂದರೆ ಪಲ್ಯಕ್ಕೆ, ಬೇಯಿಸಿದರೆ ಕರಗದ ಮಧ್ಯಮ ಗಾತ್ರದ್ದು ಬೇಕು, ಪೋಡಿಗೆ (ಬಜ್ಜಿಗೆ) ದೊಡ್ಡದು, ಚಿಪ್ಸಿಗೆ ಉದ್ದನೆಯದ್ದು. ರೈತರು ನಾಲ್ಕು ಜನ ಸೇರಿ ತೊಳೆದು, ಗಾತ್ರ ಬೇರೆ ಮಾಡಿ, ನೇರ ಕೇಟರಿಂಗಿನವರಿಗೆ ಕೊಟ್ಟರೆ ಎರಡು ಕಾಸು ಜಾಸ್ತಿ ಸಿಗಲಿಕ್ಕಿಲ್ಲವಾ? ಕರಿಯುವುದಕ್ಕೇ ಅಂತ ಶಿಮ್ಲಾದ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1998ರಲ್ಲೇ ಕುಫ್ರಿ ಚಿಪ್ಸೋನಾ ತಳಿ ಬಿಡುಗಡೆ ಮಾಡಿದೆ. ಕೇಳುವವರಿದ್ದರೆ ಬೆಳೆಯುವವರೂ ಹುಟ್ಟುತ್ತಾರೆ.

ಇದನ್ನೆಲ್ಲ ಮರುದಿನ ಜಗಲಿಯಲ್ಲಿ ಕೂತು ಭಾವನಿಗೆ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ: ‘ನಿನ್ನ ರೈತ ಸಾಲ ಕೊಡ್ತಾನಾ?’

ಮದುವೆಯವರು ದುಡ್ಡು ಕೊಡುವುದು ತಿಂಗಳು ಕಳೆದ ಮೇಲೆ. ಅಲ್ಲಿವರೆಗೆ ಭಾವನ ವ್ಯಾಪಾರ ನಿಂತಿರುವುದು ಮಂಡಿಯ ಲೆಕ್ಕದ ಪುಸ್ತಕದ ಮೇಲೆ. ರೈತನಿಗೆ ಕೈಗೆ ಕೈ ದುಡ್ಡು ಬೇಕು, ಅವನಿಗೂ ಬಿತ್ತನೆ ಬೀಜದ ಸಾಲ ಇರುತ್ತದೆ. ಹಾಸನದವರು ಬೀಜದ ಗೆಡ್ಡೆ ತರಿಸುವುದು ದೂರದ ಜಲಂಧರದಿಂದ. ಮೇ-ಜೂನಿನಲ್ಲಿ ಬಿತ್ತಿ ಮಳೆಯಲ್ಲೇ ಕೀಳುವ ಬೆಳೆ. ಅಂಗಮಾರಿ ರೋಗ ಹಿಡಿದ ವರ್ಷ ಹೊಲಕ್ಕೆ ಹೊಲವೇ ಹೋಗುತ್ತದೆ. ಒದ್ದೆ ಬಟಾಟೆ ಇಟ್ಟರೆ ಕೊಳೆಯುತ್ತದೆ. ಮೇ ತಿಂಗಳ ಉಪನಯನಕ್ಕೆ ಅವನು ಎಲ್ಲಿಂದ ಕೊಡಬೇಕು? ನಮಗೆ ಆಗ ಸಿಗುವುದು ಉತ್ತರದ ಕಡೆಯ ಶೀತಗೃಹದ್ದೇ.

ಲೀಡ್ಸ್‌ನ ಅಂಗಡಿಯವನು ಮಾಡುವುದು ಎರಡೇ ಐಟಂ ಅನ್ನುವುದನ್ನೂ ಒಪ್ಪಿಕೊಳ್ಳಬೇಕು. ಅವನಿಗೆ ಬಟಾಟೆಯೇ ಬಂಡವಾಳ. ಭಾವನ ಪಟ್ಟಿಯಲ್ಲಿ ಅದು ನಲವತ್ತರಲ್ಲಿ ಒಂದು. ಇನ್ನು, ನಮ್ಮ ಬೀದಿ ದಾಟಿದರೆ ಫ್ರೀಜರಿನ ಚೀಲ ಹರಿದು ಕರಿಯುವವರೂ ಇದ್ದಾರೆ, ಅಲ್ಲಿ ಹಲಗೆ ಗಿಲಗೆ ಏನೂ ಇಲ್ಲ.

ಮೊನ್ನೆ ಅಕ್ಕ ಫೋನು ಮಾಡಿದ್ದಳು. ಈಗ ಚೀಲ ಬಿಚ್ಚಿದ ಕೂಡಲೇ ಎರಡು ಹೋಳು ಕರಿದು ನೋಡಬೇಕು ಅಂತ ಭಾವ ಭಟ್ರಿಗೆ ಹೇಳಿದ್ದಾರಂತೆ. ಕಪ್ಪಾದರೆ ಆ ಚೀಲ ಬಾಜಿಗೆ. ನಮ್ಮ ಕಡೆ ಬಾಜಿಗೆ ಸ್ವಲ್ಪ ಸಿಹಿ ಹೇಗೂ ಅಡ್ಡಿಯಿಲ್ಲ. ಭಟ್ರು ಮಾತ್ರ, ‘ಇದು ನನಗೆ ಇಪ್ಪತ್ತು ವರ್ಷದಿಂದ ಗೊತ್ತುಂಟು, ಯಾರೂ ಕೇಳಲಿಲ್ಲ’ ಅಂದರಂತೆ.