ಫೋರ್ಟ್ ಸ್ಮಿತ್‌ನ ಪಾರ್ಕರ್: ನ್ಯಾಯ ಕೊಟ್ಟವರೋ, ನೇಣು ಹಾಕಿಸಿದವರೋ?

ಅಮೆರಿಕದ ಅರ್ಕನ್ಸಾ ರಾಜ್ಯದ ಗಡಿಯೂರು ಫೋರ್ಟ್ ಸ್ಮಿತ್. 1875ರಿಂದ 1896ರವರೆಗೆ ಅಲ್ಲಿ ಫೆಡರಲ್ (ಕೇಂದ್ರ ಸರ್ಕಾರದ ಕೋರ್ಟಿನ) ಜಡ್ಜ್ ಆಗಿದ್ದವರು ಐಸಾಕ್ ಪಾರ್ಕರ್. 160 ಜನರಿಗೆ ಮರಣದಂಡನೆ ವಿಧಿಸಿದರು, 79 ಮಂದಿ ಗಲ್ಲಿಗೇರಿದರು. ‘ನೇಣಿನ ಜಡ್ಜ್’ ಅನ್ನೋ ಹೆಸರು ಅವರಿಗೆ ಅಂಟಿಕೊಂಡಿತು. ಆ ಹೆಸರು ನ್ಯಾಯವೇ? ಪಾರ್ಕರ್ ಪರವಾಗಿ ಒಬ್ಬರು, ವಿರೋಧವಾಗಿ ಇನ್ನೊಬ್ಬರು ಇಲ್ಲಿ ಬರೆದಿದ್ದಾರೆ.

ಪರ: ಆ ಸೀಮೆಗೆ ಅಂಥವರೇ ಬೇಕಿತ್ತು

79 ಅಂದ ಕೂಡಲೇ ಎಲ್ಲರೂ ಹೌಹಾರುತ್ತಾರೆ. ಹೌಹಾರಲಿ. ಆದರೆ ಆ ಕೋರ್ಟು ಎಲ್ಲಿತ್ತು ಅನ್ನೋದನ್ನೂ ಸ್ವಲ್ಪ ನೋಡಲಿ.

ಫೋರ್ಟ್ ಸ್ಮಿತ್ ದಾಟಿದರೆ ಇಂಡಿಯನ್ ಟೆರಿಟರಿ. ಈಗಿನ ಓಕ್ಲಹೋಮ. ಚೆರೋಕೀ, ಚಾಕ್ಟಾ, ಕ್ರೀಕ್, ಚಿಕಸಾ, ಸೆಮಿನೋಲ್ ಎಂಬ ಮೂಲನಿವಾಸಿ ಜನರನ್ನು ಅವರ ನೆಲದಿಂದ ಎಬ್ಬಿಸಿ ಸರ್ಕಾರ ಅಲ್ಲಿಗೆ ಅಟ್ಟಿತ್ತು. ಅವರಿಗೆ ಅವರದೇ ನ್ಯಾಯಾಲಯಗಳಿದ್ದವು. ಆದರೆ ಹೊರಗಿನವನು ಬಂದು ಅಲ್ಲಿ ಕೊಲೆ ಮಾಡಿದರೆ ಆ ನ್ಯಾಯಾಲಯಗಳು ಅವನನ್ನು ಮುಟ್ಟುವಂತಿರಲಿಲ್ಲ. ಸರಿ, ಬೇರೆ ಕಡೆ ದರೋಡೆ ಮಾಡಿ ಓಡಿಬಂದವರಿಗೆಲ್ಲ ಅದೇ ತಾಣವಾಯಿತು. ಪಾರ್ಕರ್ ಬಂದಾಗ ಸುಮಾರು 74,000 ಚದರ ಮೈಲಿ ಸೀಮೆ ಈ ಒಂದು ಕೋರ್ಟಿನ ಪಾಲಿಗಿತ್ತು. ಅವರಿಗಿಂತ ಮುಂಚೆ ಇದ್ದ ಜಡ್ಜ್ ಭ್ರಷ್ಟಾಚಾರದ ಆರೋಪ ಹೊತ್ತು ರಾಜೀನಾಮೆ ಕೊಟ್ಟು ಹೋಗಿದ್ದರು.

ಪಾರ್ಕರ್‌ಗೆ ಆಗ 36 ವರ್ಷ. ಮಿಸೌರಿಯಿಂದ ಎರಡು ಸಲ ಗೆದ್ದು ಅಮೆರಿಕದ ಸಂಸತ್ತಿನಲ್ಲಿ ಕೂತಿದ್ದವರು, ಅಲ್ಲಿ ಮೂಲನಿವಾಸಿಗಳ ಪರ ಮಾತಾಡಿದವರು. ಅಧ್ಯಕ್ಷ ಗ್ರಾಂಟ್ ಮೊದಲು ಯೂಟಾಕ್ಕೆ ಹೋಗಿ ಅಂದರು. ಇವರು ಫೋರ್ಟ್ ಸ್ಮಿತ್ತನ್ನೇ ಕೇಳಿ ಪಡೆದರು. 1875ರ ಮೇ ತಿಂಗಳಲ್ಲಿ ಕೆಲಸ ಶುರು. ಕೋರ್ಟಿನ ಮೊದಲ ಅಧಿವೇಶನದಲ್ಲೇ 18 ಜನರ ಮೇಲೆ ಕೊಲೆ ಕೇಸು, 15 ಮಂದಿ ತಪ್ಪಿತಸ್ಥರು. ಸೆಪ್ಟೆಂಬರ್ 3ರಂದು ಆರು ಜನ ಒಟ್ಟಿಗೆ ಗಲ್ಲಿಗೆ. ಅವರಲ್ಲಿ ಬಿಳಿಯರೂ ಇದ್ದರು, ಮೂಲನಿವಾಸಿಗಳೂ ಇದ್ದರು, ಒಬ್ಬ ಕಪ್ಪುವರ್ಣೀಯನೂ ಇದ್ದ. ಆಮೇಲೆ 21 ವರ್ಷ, ವಾರಕ್ಕೆ ಆರು ದಿನ ಕೋರ್ಟು. 13,000ಕ್ಕೂ ಜಾಸ್ತಿ ಕೇಸು. ಕಳ್ಳ ವಿಸ್ಕಿ, ಕುದುರೆ ಕಳ್ಳತನ, ಹೊಡೆದಾಟ, ಅಂಥವೇ ಹೆಚ್ಚು. ಅದನ್ನು ಯಾರೂ ನೆನಪಿಟ್ಟುಕೊಳ್ಳಲ್ಲ.

ಪಾರ್ಕರ್ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ಶಿಕ್ಷೆ ಎಷ್ಟು ದೊಡ್ಡದು ಅನ್ನೋದು ಮುಖ್ಯ ಅಲ್ಲ, ಶಿಕ್ಷೆ ಆಗೇ ಆಗುತ್ತೆ ಅನ್ನೋದು ಮುಖ್ಯ. ಈ ಮಾತು ನನಗೆ ಪುಸ್ತಕ ಓದಿ ಅರ್ಥವಾದದ್ದಲ್ಲ.

ನಮ್ಮದು ಅಡಿಕೆ ತೋಟದ ಮನೆ. ಒಂದು ವರ್ಷ ಒಣಗಿಸಿ ಮೂಟೆ ಕಟ್ಟಿಟ್ಟ ಅಡಿಕೆ ರಾತ್ರೋರಾತ್ರಿ ಹೋಯಿತು. ಅಡ್ಡ ಹೋದ ನಮ್ಮ ಆಳಿನ ತಲೆ ಒಡೆದರು. ಯಾರ ಕೆಲಸ ಅಂತ ಊರಿಗೇ ಗೊತ್ತು. ಕೇಸಾಯಿತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮೊದಲ ಬಸ್ಸಿಗೆ ಹೋಗುತ್ತಿದ್ದರು. ಒಂದು ಸಲ ವಕೀಲರು ರಜೆ, ಇನ್ನೊಂದು ಸಲ ಆರೋಪಿ ಗೈರು, ಮತ್ತೊಂದು ಸಲ ಜಡ್ಜ್‌ಗೆ ವರ್ಗ. ಸಂಜೆ ಬಂದು ಅಂಗಿ ಗೂಟಕ್ಕೆ ಹಾಕಿ “ಮತ್ತೆ ವಾಯಿದೆ” ಅನ್ನೋರು. ವರ್ಷಗಳು ಕಳೆದ ಮೇಲೆ ಸಾಕ್ಷಿ ಹೇಳುವ ಸರದಿ ಬಂತು. ನಮ್ಮ ಆಳು “ಕತ್ತಲಿತ್ತು ಸ್ವಾಮೀ, ಮುಖ ಕಾಣಲಿಲ್ಲ” ಅಂದುಬಿಟ್ಟ. ಅವನನ್ನು ಬಯ್ಯೋದು ಹೇಗೆ? ಅವನೂ ಅದೇ ಕೇರಿಯಲ್ಲಿ ಬಾಳಬೇಕಲ್ವಾ. ಎಲ್ಲರೂ ಖುಲಾಸೆ. ಮುಂದಿನ ವಾರ ಸಂತೆಯಲ್ಲಿ ಆ ಮನುಷ್ಯ ಅಪ್ಪನ ಹೆಗಲ ಮೇಲೆ ಕೈ ಹಾಕಿ “ಏನ್ ಭಟ್ರೇ, ಆರಾಮಾ?” ಅಂತ ಕೇಳಿದ. ಗೆದ್ದವ ಸೋತ, ಸೋತವ ಸತ್ತ ಅಂತಾರೆ ಕೋರ್ಟಿನ ಬಗ್ಗೆ. ಗೆದ್ದವನು ಹೀಗೆ ನಗುತ್ತಾ ಬಂದು ಮಾತಾಡಿಸುತ್ತಾನೆ ಅಂತ ಆ ಗಾದೆ ಕಟ್ಟಿದವರಿಗೆ ಗೊತ್ತಿರಲಿಲ್ಲ.

ಫೋರ್ಟ್ ಸ್ಮಿತ್‌ನಲ್ಲಿ ವಾಯಿದೆ ಏನು ಮಾಡಿತು ನೋಡಿ. ಚೆರೋಕೀ ಬಿಲ್ ಅಂತ ಒಬ್ಬ, ನಿಜ ಹೆಸರು ಕ್ರಾಫರ್ಡ್ ಗೋಲ್ಡ್ಸ್‌ಬಿ. ದರೋಡೆ ಮಾಡುತ್ತಾ ಕೊಲೆ ಮಾಡಿದವನು. ಗಲ್ಲು ಶಿಕ್ಷೆಯಾಯಿತು, ಮೇಲ್ಮನವಿ ಹೋಯಿತು, ದಿನ ಉರುಳಿದವು. 1895ರ ಜುಲೈನಲ್ಲಿ ಯಾರೋ ಜೈಲಿನೊಳಕ್ಕೆ ಪಿಸ್ತೂಲು ಸಾಗಿಸಿದರು. ಬಿಲ್ ಕಾವಲುಗಾರ ಲಾರೆನ್ಸ್ ಕೀಟಿಂಗ್‌ನನ್ನು ಗುಂಡಿಟ್ಟು ಕೊಂದ. ತಡ ಮಾಡಿದ್ದಕ್ಕೆ ಈ ಸಾವು ಅಂತ ಪಾರ್ಕರ್ ಬಹಿರಂಗವಾಗಿಯೇ ಸುಪ್ರೀಂ ಕೋರ್ಟಿನ ಮೇಲೆ ಹರಿಹಾಯ್ದರು. ತಪ್ಪೇನಿದೆ?

ಸುಪ್ರೀಂ ಕೋರ್ಟು ಎಷ್ಟೋ ತೀರ್ಪು ತಳ್ಳಿಹಾಕಿತು ಅಂತ ಎದುರು ಬದಿಯವರು ಹೇಳೇ ಹೇಳುತ್ತಾರೆ. ವಾಷಿಂಗ್ಟನ್‌ನಲ್ಲಿ ಕೂತು ಕಾಮಾ, ಫುಲ್‌ಸ್ಟಾಪ್ ಹುಡುಕೋದು ಸುಲಭ. ಆರೋಪಿಗಳನ್ನು ಹಿಡಿದು ತರುವ ಕೋರ್ಟಿನ ಅಧಿಕಾರಿ, ಅಂದರೆ ಡೆಪ್ಯುಟಿ ಮಾರ್ಷಲ್ ಒಬ್ಬನನ್ನು ಕೊಂದ ಹೆನ್ರಿ ಸ್ಟಾರ್‌ಗೆ ಪಾರ್ಕರ್ ಗಲ್ಲು ವಿಧಿಸಿದರು. ವಾಷಿಂಗ್ಟನ್ ಅದನ್ನು ರದ್ದು ಮಾಡಿತು. ಕೊನೆಗೆ ಸ್ಟಾರ್ ಬಿಡುಗಡೆಯಾಗಿ ಬಂದ, ಮತ್ತೆ ಬ್ಯಾಂಕ್ ದೋಚಿದ, 1921ರಲ್ಲಿ ಅರ್ಕನ್ಸಾದ ಹ್ಯಾರಿಸನ್‌ನಲ್ಲಿ ಬ್ಯಾಂಕ್ ದೋಚುವಾಗಲೇ ಗುಂಡೇಟು ತಿಂದು ಸತ್ತ. ಯಾರ ಲೆಕ್ಕ ಸರಿಯಾಗಿತ್ತು?

ಇನ್ನೊಂದು. ಗುಲಾಮನಾಗಿ ಹುಟ್ಟಿದ ಬಾಸ್ ರೀವ್ಸ್ ಇದೇ ಕೋರ್ಟಿನ ಡೆಪ್ಯುಟಿ ಮಾರ್ಷಲ್. ತನ್ನ ಅಡುಗೆಯವನನ್ನು ಕೊಂದ ಆರೋಪದ ಮೇಲೆ 1887ರಲ್ಲಿ ಇಲ್ಲೇ ಕಟಕಟೆ ಹತ್ತಿದ. ಖುಲಾಸೆಯಾದ. ಸಿಕ್ಕವರನ್ನೆಲ್ಲ ನೇಣಿಗೆ ಹಾಕುವ ಕೋರ್ಟಾಗಿದ್ದರೆ ಆತ ಮನೆಗೆ ಹೋಗುತ್ತಿದ್ದನೇ?

ವಿರೋಧ: ಕೇಳುವವರೇ ಇರಲಿಲ್ಲ

ಈ ಬದಿ ನನ್ನ ಪಾಲಿಗೆ ಬಂತು, ಬರೆಯುತ್ತಿದ್ದೇನೆ. ಪಾರ್ಕರ್ ಸಾಹೇಬರು ದುಷ್ಟರು ಅಂತ ನನಗೂ ಅನಿಸಿಲ್ಲ. ದುಡ್ಡಿಗೆ ಕೈ ಚಾಚಿದವರಲ್ಲ, ಮೈಗಳ್ಳರಂತೂ ಅಲ್ಲವೇ ಅಲ್ಲ. ಅಡಿಕೆ ಕಥೆ ಓದಿ ಬೇಜಾರೂ ಆಯಿತು. ಆದರೆ ಗೆಳೆಯರ ಸಿಟ್ಟು ನೋಡಿದರೆ ಅಡಿಕೆ ಕದ್ದವನಿಗೂ ಗಲ್ಲೇ ಆಗಲಿ ಅನ್ನೋ ಹಾಗಿದೆ. ಅಲ್ಲಿಗೆ ಹೋಗೋದು ಬೇಡ.

ನನ್ನ ತಕರಾರು ಮುಖ್ಯವಾಗಿ ಒಂದೇ. ಮೊದಲ 14 ವರ್ಷ ಪಾರ್ಕರ್ ಕೊಟ್ಟ ಮರಣದಂಡನೆಯ ಮೇಲೆ ಮೇಲ್ಮನವಿಯೇ ಇರಲಿಲ್ಲ. ಅಧ್ಯಕ್ಷರು ದಯೆ ತೋರಿಸಿದರೆ ಉಂಟು, ಇಲ್ಲದಿದ್ದರೆ ಹಗ್ಗ. 1889ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತೆರೆಯಿತು. ಆಮೇಲೆ ಅಲ್ಲಿಗೆ ಹೋದ ಪಾರ್ಕರ್ ಮರಣದಂಡನೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬಿದ್ದುಹೋದವು. ಬಿದ್ದದ್ದು ಕಾಮಾ, ಫುಲ್‌ಸ್ಟಾಪಿಗೆ ಅಲ್ಲ. ಆತ್ಮರಕ್ಷಣೆಗೆ ಹೊಡೆದೆ ಅಂದವನ ಮಾತನ್ನು ಎಷ್ಟು ನಂಬಬೇಕು, ಓಡಿಹೋದವನು ತಪ್ಪಿತಸ್ಥನೇ ಇರಬೇಕಾ, ಇಂಥವನ್ನೆಲ್ಲ ಸಾಹೇಬರು ಜೂರಿಗೆ, ಅಂದರೆ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ಜನರ ತಂಡಕ್ಕೆ, ಹೇಳಿಕೊಡುವಾಗ ತಕ್ಕಡಿ ಒಂದೇ ಕಡೆ ವಾಲುತ್ತಿತ್ತು. 1889ಕ್ಕೆ ಮುಂಚೆ ಗಲ್ಲಿಗೇರಿದವರ ಜೂರಿಗಳಿಗೂ ಮಾತು ಹೇಳಿದವರು ಇವರೇ. ಅವರ ಪರವಾಗಿ ಕೇಳುವವರು ಯಾರೂ ಇರಲಿಲ್ಲ. ಆ ಜೂರಿಯಲ್ಲಿ ಟೆರಿಟರಿಯ ಜನ ಕೂರುತ್ತಲೂ ಇರಲಿಲ್ಲ. ಅರ್ಕನ್ಸಾದವರು ಕೂತು ಅವರ ಹಣೆಬರಹ ಬರೆಯುತ್ತಿದ್ದರು.

ಚೆರೋಕೀ ಬಿಲ್ ಕಥೆಯ ಕೊನೆಯನ್ನು ಗೆಳೆಯರು ಬಿಟ್ಟಿದ್ದಾರೆ. ಅವತ್ತು ಬಿಲ್ ಪಿಸ್ತೂಲು ಹಿಡಿದು ಕೂತಾಗ ಒಳಗೆ ಹೋಗಿ, ಪುಸಲಾಯಿಸಿ, ಅದನ್ನು ಇಸಿದುಕೊಂಡು ಬಂದವನು ಇನ್ನೊಬ್ಬ ಕೈದಿ. ಅವನೇ ಈ ಹೆನ್ರಿ ಸ್ಟಾರ್. ಪಾರ್ಕರ್ ಇಚ್ಛೆಯಂತೆ ನಡೆದಿದ್ದರೆ ಆ ಹೊತ್ತಿಗೆ ಅವನು ಮಣ್ಣಾಗಿರುತ್ತಿದ್ದ.

ಜೈಲಿನ ಬಗ್ಗೆ ಎರಡು ಮಾತು. ಹಳೇ ಸೇನಾ ಬ್ಯಾರಕ್ಕಿನ ನೆಲಮಾಳಿಗೆ, ಎರಡೇ ಕೋಣೆ. ವಿಚಾರಣೆಗೆ ಕಾಯುವವರೂ ಶಿಕ್ಷೆಯಾದವರೂ ಒಟ್ಟಿಗೆ ನೆಲದ ಮೇಲೆ ಮಲಗಬೇಕು. ಮೂತ್ರದ ತೊಟ್ಟಿಯನ್ನು ಬೆಂಕಿಗೂಡಿನೊಳಗೆ ಇಡುತ್ತಿದ್ದರು, ನಾತ ಹೊಗೆಕೊಳವೆಯಲ್ಲಿ ಮೇಲೆ ಹೋಗಲಿ ಅಂತ. ಹೊಸ ಜೈಲು ಬರುವಷ್ಟರಲ್ಲಿ 1888. ದುಡ್ಡು ಕೊಡದೆ ಕೂತದ್ದು ವಾಷಿಂಗ್ಟನ್, ಇದನ್ನು ಪಾರ್ಕರ್ ತಲೆಗೆ ಕಟ್ಟುವುದು ಪೂರ್ತಿ ಸರಿಯಲ್ಲ. ಆದರೆ ಅದರ ನೆತ್ತಿಯ ಮೇಲೇ ವರ್ಷಾನುಗಟ್ಟಲೆ ಕೋರ್ಟು ನಡೆಯಿತು.

ಗಲ್ಲು ಶಿಕ್ಷೆಯೇ ಹೋಗಲಿ, ಆದರೆ ಬೇರೆ ಶಿಕ್ಷೆ ತಪ್ಪದೆ ಆಗಬೇಕು ಅಂತ ಪಾರ್ಕರ್ ಕೊನೆಗಾಲದಲ್ಲಿ ಹೇಳಿದ್ದುಂಟು. ಕೊಲೆ ಸಾಬೀತಾದರೆ ಆಗಿನ ಕಾನೂನಿನಲ್ಲಿ ಗಲ್ಲಲ್ಲದೆ ಬೇರೆ ದಾರಿ ಇರಲಿಲ್ಲ, ಅದನ್ನೂ ಒಪ್ಪುತ್ತೇನೆ. ಆದರೆ ಕೊಲೆ ಸಾಬೀತಾಯಿತೋ ಇಲ್ಲವೋ ಅಂತ ತೀರ್ಮಾನಿಸಬೇಕಾದ ಹನ್ನೆರಡು ಜನರಿಗೆ ಏನು ಹೇಳಬೇಕು ಅನ್ನೋದನ್ನು ಕಾನೂನು ಬರೆದುಕೊಟ್ಟಿರಲಿಲ್ಲ. ಅದು ಸಾಹೇಬರ ಸ್ವಂತ ಮಾತು. ಸುಪ್ರೀಂ ಕೋರ್ಟು ಮತ್ತೆ ಮತ್ತೆ ತಪ್ಪು ಅಂದದ್ದು ಅದನ್ನೇ.