ಟೊಕೈಡೊ ರಸ್ತೆಯಲ್ಲಿ ಚಿಲ್ಲರೆ ಇಲ್ಲ

ಅಕ್ಕನ ಮಗ ಬೆಂಗಳೂರಿನಿಂದ ಬಂದವನು ಒಂದು ಬಿಳಿ ಪೆಟ್ಟಿಗೆ ಕೈಗಿಟ್ಟು, "ಚಿಕ್ಕಮ್ಮ, ಎಲ್ಲರೂ ಕೂತು ಆಡಿ, ಹೇಗಿದೆ ಅಂತ ನಾಲ್ಕು ಸಾಲು ಬರೆದು ಕಳ್ಸಿ" ಅಂದು ಸಂಜೆ ರೈಲಿಗೆ ವಾಪಸ್ ಹೋದ. ಆ ನಾಲ್ಕು ಸಾಲು ಬರೆಯೋಕೆ ನನಗೆ ಮೂರು ವಾರ ಹಿಡಿಯಿತು. ಪೆಟ್ಟಿಗೆಯಲ್ಲಿ 50 ನಾಣ್ಯ ಇರಬೇಕು. ನಮ್ಮ ಮನೆಯಲ್ಲಿ ಈಗ ಇರುವುದು 43. ಕೊಟ್ಟವನಿಗೆ ಏನು ಹೇಳುವುದು ಅಂತ ತೋಚದೆ ಸುಮ್ಮನಿದ್ದೆ. ಆ ಏಳರ ಕಥೆ ಆಮೇಲೆ. ಮೊದಲು ವಿಮರ್ಶೆ.

ಆಟದ ಹೆಸರು ಟೊಕೈಡೊ. ಆಂತ್ವಾನ್ ಬೋಜಾ ಅನ್ನೋ ಫ್ರೆಂಚ್ ಮನುಷ್ಯ ಮಾಡಿದ್ದು, 2012ರಲ್ಲಿ ಬಂತು. ಜಪಾನಿನಲ್ಲಿ ಕ್ಯೋಟೊದಿಂದ ಎಡೋಗೆ, ಅಂದರೆ ಈಗಿನ ಟೋಕಿಯೊಗೆ, ಹೋಗುವ ಹಳೇ ಕಾಲದ ರಸ್ತೆಯೇ ಟೊಕೈಡೊ. ಸುಮಾರು 500 ಕಿಲೋಮೀಟರ್ ದಾರಿ, 53 ತಂಗುದಾಣ, ಜನ ನಡೆದೇ ಹೋಗುತ್ತಿದ್ದರಂತೆ. ನಮ್ಮವರು ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೊರಟರೂ ದಾಬಸ್‌ಪೇಟೆ ಬರುವಷ್ಟರಲ್ಲಿ "ಇನ್ನೂ ಎಷ್ಟು ದೂರ" ಅಂತ ಶುರು ಮಾಡುವವರು. ಇಂಥ ಮನೆಗೆ ಈ ಆಟ ಬಂದದ್ದೇ ಮೊದಲ ಎಡವಟ್ಟು.

ಯಾಕೆಂದರೆ ಈ ಆಟದಲ್ಲಿ ಮೊದಲು ಊರು ಮುಟ್ಟಿದವರು ಗೆಲ್ಲುವುದಿಲ್ಲ. ದಾರಿಯಲ್ಲಿ ಯಾರು ಹೆಚ್ಚು ನೋಡಿದರು, ತಿಂದರು, ಕೊಂಡರು, ಯಾರ್‍ಯಾರನ್ನು ಮಾತಾಡಿಸಿದರು ಅನ್ನೋದಕ್ಕೆ ಅಂಕ. ದಾಳವೂ ಇಲ್ಲ, ಕವಡೆಯೂ ಇಲ್ಲ. ರಸ್ತೆಯಲ್ಲಿ ಎಲ್ಲರಿಗಿಂತ ಹಿಂದೆ ಯಾರಿದ್ದಾರೋ ಅವರದೇ ಸರದಿ. ಎಷ್ಟು ಮನೆ ಬೇಕಾದರೂ ಮುಂದೆ ಹೋಗಬಹುದು, ಆದರೆ ಹಿಂದಕ್ಕೆ ಬರುವಂತಿಲ್ಲ. ಹಾರಿ ಬಿಟ್ಟ ಮನೆ ಬಿಟ್ಟ ಹಾಗೇ.

ನಮ್ಮತ್ತೆ ಚೌಕಾಬಾರದಲ್ಲಿ ಪಳಗಿದವರು. ಹುಣಸೆ ಬೀಜದ ಒಂದು ಮೈ ಉಜ್ಜಿ ಬೆಳ್ಳಗೆ ಮಾಡಿ, ಅದರಲ್ಲೇ ಬೇಕೆಂದಾಗ ಭಾರ ಬೀಳಿಸುವ ಕೈ ಅವರದು. ನಿಯಮವೆಲ್ಲ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಕಡಿಯೋದು ಯಾವಾಗ?"

"ಇದ್ರಲ್ಲಿ ಯಾರನ್ನೂ ಕಡಿಯಂಗಿಲ್ಲ ಅತ್ತೆ."

"ಮತ್ತೆ ಹಣ್ಣಾಗೋದು ಹೆಂಗೆ?"

ಈ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಉತ್ತರವಿಲ್ಲ.

ಆಡಲು ಕೂತವರು ಐದು ಜನ. ಅತ್ತೆ, ನಮ್ಮೆಜಮಾನ್ರು, ಏಳನೇ ಕ್ಲಾಸಿನ ಮಗ, ನಾನು, ಜೊತೆಗೆ ಗುಬ್ಬಿಯಿಂದ ಬಂದಿದ್ದ ಅತ್ತೆಯ ತಮ್ಮ. ಮಾವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ರಿಟೈರ್ ಆಗಿ ಎಂಟು ವರ್ಷವಾದರೂ ಒಳಗಿನ ಕಂಡಕ್ಟರ್ ಇನ್ನೂ ಡ್ಯೂಟಿಯಲ್ಲೇ ಇದ್ದಾನೆ. ನಾಣ್ಯದ ಡಬ್ಬಿ ನೋಡಿದ ತಕ್ಷಣ "ದುಡ್ಡು ನಾನ್ ನೋಡ್ಕೋತೀನಿ" ಅಂತ ಎಳೆದುಕೊಂಡು ತೊಡೆಯ ಕೆಳಗಿಟ್ಟುಕೊಂಡರು.

ಆಟದಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬ ಪ್ರಯಾಣಿಕನ ಪಾತ್ರ ಸಿಗುತ್ತದೆ. ಅತ್ತೆಗೆ ಬಂದದ್ದು ಸತ್ಸುಕಿ ಅನ್ನೋ ತಬ್ಬಲಿ ಹುಡುಗಿ.

"ಮನೆ ತುಂಬ ಜನ ಇಟ್ಕೊಂಡು ನಾನ್ಯಾಕೆ ತಬ್ಬಲಿ ಆಗ್ಲಿ?" ಅಂತ ಕಾರ್ಡನ್ನು ಮಗನ ಕಡೆ ತಳ್ಳಿದರು. ಮಗ ಮುಖ ಚಿಕ್ಕದು ಮಾಡಿಕೊಂಡ. ಆ ತಬ್ಬಲಿಗೆ ಪ್ರತಿ ಛತ್ರದಲ್ಲೂ ಒಂದು ಊಟ ಪುಕ್ಕಟೆ ಅಂತ ನಾನು ಓದಿ ಹೇಳಿದೆ. ಅತ್ತೆ ಕಾರ್ಡು ವಾಪಸ್ ತಗೊಂಡರು. "ಸಿದ್ಧಗಂಗೆ ದಾಸೋಹ ಇದ್ದಂಗೆ ಅನ್ನು."

ಮಾವನಿಗೆ ಮಾತ್ರ ಇದು ಸರಿ ಬರಲಿಲ್ಲ. ಊಟಕ್ಕೆ ನಿಲ್ಲಿಸಿದ ಹೋಟೆಲಿನಲ್ಲಿ ಫ್ರೀ ಊಟ ಕಂಡಕ್ಟರಿಗೆ ತಾನೇ ಸಲ್ಲಬೇಕಾದದ್ದು?

ಛತ್ರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಆಟದ ಜೀವ ಇರೋದೇ ಅಲ್ಲಿ. ದಾರಿಯಲ್ಲಿ ನಾಲ್ಕು ಛತ್ರ, ಕೊನೆಯದು ಎಡೋ. ಯಾರೂ ಛತ್ರ ದಾಟಿ ಹೋಗುವಂತಿಲ್ಲ, ಎಲ್ಲರೂ ಬಂದು ಸೇರುವವರೆಗೆ ಕಾಯಬೇಕು. ಮೊದಲು ಬಂದವರು ಆಟಗಾರರ ಸಂಖ್ಯೆಗಿಂತ ಒಂದು ಹೆಚ್ಚು ಊಟದ ಕಾರ್ಡು ಎತ್ತಿ, ಬೇಕಾದ್ದು ಆರಿಸಿ, ಒಂದರಿಂದ ಮೂರು ನಾಣ್ಯ ಕೊಡಬೇಕು. ಊಟ ಯಾವುದಾದರೂ ಆರು ಅಂಕವೇ. ಆದ್ದರಿಂದ ಮುಂಚೆ ಹೋದವರಿಗೆ ಅಗ್ಗದ ಊಟ, ಕೊನೆಗೆ ಬಂದವರಿಗೆ ಮಿಕ್ಕಿದ್ದು. ಮದುವೆ ಮನೆಯ ಮೊದಲ ಪಂಕ್ತಿಗೂ ಕೊನೇ ಪಂಕ್ತಿಗೂ ಇರುವ ವ್ಯತ್ಯಾಸ ಬಲ್ಲವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನೊಂದು ನಿಯಮವಿದೆ: ಒಮ್ಮೆ ತಿಂದದ್ದನ್ನು ಮತ್ತೆ ತಿನ್ನುವಂತಿಲ್ಲ. ಇದು ಜಪಾನಿಗೆ ಸರಿ. ಕ್ಯಾತ್ಸಂದ್ರದ ಮೇಲೆ ಹಾದುಹೋಗುವಾಗಲೆಲ್ಲ ತಟ್ಟೆ ಇಡ್ಲಿಗೆ ಇಳಿಯುವ ನಮ್ಮೆಜಮಾನ್ರು, "ಚೆನ್ನಾಗಿದ್ರೆ ಇನ್ನೊಂದ್ಸಲ ಯಾಕೆ ತಿನ್ಬಾರ್ದು?" ಅಂತ ಹತ್ತು ನಿಮಿಷ ವಾದ ಮಾಡಿದರು. ವಾದದಲ್ಲಿ ತಪ್ಪೇನೂ ಕಾಣಲಿಲ್ಲ.

ಅತ್ತೆಯ ಪುಕ್ಕಟೆ ಊಟ ಕಣ್ಣು ಮುಚ್ಚಿ ಎತ್ತಬೇಕಾದ್ದು. ಮೊದಲ ಛತ್ರದಲ್ಲಿ ತೋಫು ಬಂತು. ಸೋಯಾ ಹಾಲಿನ ಪನೀರ್ ಅಂದೆ, ಒಪ್ಪಿಕೊಂಡರು. ಎರಡನೆಯದರಲ್ಲಿ ಮಿಸೊ ಸಾರು. ಆ ಸಾರಿಗೆ ಸಾಮಾನ್ಯವಾಗಿ ಒಣಮೀನಿನ ಕಟ್ಟು ಹಾಕುತ್ತಾರೆ ಅಂತ ನನಗೆ ಗೊತ್ತಿತ್ತು, ಹೇಳಲಿಲ್ಲ. ಮೂರನೆಯದರಲ್ಲಿ ಉನಾಗಿ ಬಂತು. ಮಗ ಮೊಬೈಲಿನಲ್ಲಿ ನೋಡಿ, "ಅಜ್ಜಿ, ಇದು ಹಾವಿನ್ ಥರ ಇರೋ ಮೀನು" ಅಂದುಬಿಟ್ಟ.

"ರಾಮ ರಾಮ! ಎತ್ತಿಡು ಅತ್ಲಾಗೆ."

"ಆರು ಅಂಕ ಹೋಗತ್ತೆ ಅಜ್ಜಿ."

"ಹೋಗ್ಲಿ. ಸೋಮವಾರ ಬೇರೆ."

ಹೀಗೆ ನಮ್ಮತ್ತೆ ಎಡೋ ದಾರಿಯಲ್ಲಿ ಒಂದು ಹೊತ್ತು ಉಪವಾಸ ಮಾಡಿದರು. ನಾನೂ ಮಾಡಿದೆ, ಆದರೆ ಅದು ಭಕ್ತಿಯಿಂದಲ್ಲ. ಅಂಗಡಿ ಮನೆ ಬಂದಾಗಲೆಲ್ಲ ನಿಂತು ಸಾಮಾನು ಕೊಂಡು ಕೈ ಖಾಲಿಯಾಗಿತ್ತು. ಅಂಗಡಿಯಲ್ಲಿ ನಾಲ್ಕು ಬಗೆ ಸಾಮಾನು. ಬೇರೆ ಬೇರೆ ಬಗೆಯವನ್ನು ಒಂದೊಂದಾಗಿ ಕೂಡಿಸಿದರೆ ಒಂದಕ್ಕೆ 1, ಎರಡನೆಯದಕ್ಕೆ 3, ಮೂರನೆಯದಕ್ಕೆ 5, ನಾಲ್ಕನೆಯದಕ್ಕೆ 7 ಅಂಕ. ಇದ್ದ ಬಗೆಯದನ್ನೇ ಮತ್ತೆ ತಂದರೆ ಮತ್ತೆ ಒಂದರಿಂದ ಶುರು. ಜಾತ್ರೆಗೆ ಹೋದಾಗಲೆಲ್ಲ ತಂದು ತಂದು ಅಡುಗೆಮನೆಯಲ್ಲಿ ನಾಲ್ಕು ಲಟ್ಟಣಿಗೆ ಇಟ್ಟುಕೊಂಡಿರುವವಳಿಗೆ ಈ ಲೆಕ್ಕ ಚುರುಕ್ಕೆಂದಿತು. ಆದರೂ ಒಂದೇ ಬಗೆಯವು ಎರಡು ತಗೊಂಡೆ. ಚಿತ್ರ ಅಷ್ಟು ಚೆನ್ನಾಗಿತ್ತು.

ನೋಟ ನೋಡುವುದಕ್ಕೂ ಅಂಕವಿದೆ. ಗದ್ದೆಯ ನೋಟ ಮೂರು ತುಂಡು, ಬೆಟ್ಟದ್ದು ನಾಲ್ಕು, ಕಡಲಿನದು ಐದು. ತುಂಡಿಗೆ ತುಂಡು ಜೋಡಿಸುತ್ತ ಹೋದರೆ ಅಂಕ ಏರುತ್ತದೆ. ನಮ್ಮೆಜಮಾನ್ರು ಬೆಟ್ಟದ ಮೂರು ತುಂಡು ಸೇರಿಸಿ, ನಾಲ್ಕನೆಯದಕ್ಕೆ ಎರಡೇ ಮನೆ ಇದ್ದಾಗ "ಸಾಕು ಬಿಡು" ಅಂತ ಹಾರಿ ಛತ್ರಕ್ಕೆ ಹೋಗಿ ಕೂತರು. ನನಗೆ ಆಶ್ಚರ್ಯವಾಗಲಿಲ್ಲ. ಮದುವೆಯಾದ ಹದಿನಾರು ವರ್ಷದಲ್ಲಿ ಮೂರು ಸಲ ಶಿವಗಂಗೆಗೆ ಹೋಗಿದ್ದೇವೆ. ಮೂರು ಸಲವೂ ಒಳಕಲ್ಲು ತೀರ್ಥದಲ್ಲಿ ಕೈ ಹಾಕಿ ನೋಡಿ, "ಮೇಲೆ ಏನಿರತ್ತೆ, ಇದೇ ಬಂಡೆ" ಅಂತ ಇಳಿಸಿಕೊಂಡು ಬಂದಿದ್ದಾರೆ. ತುದಿಯ ಬಸವಣ್ಣನನ್ನು ನಾನು ನೋಡಿರುವುದು ಕ್ಯಾಲೆಂಡರಿನಲ್ಲಿ.

ಬಿಸಿನೀರಿನ ಬುಗ್ಗೆಯಲ್ಲಿ ಸ್ನಾನ ಮಾಡಿದರೆ ಎರಡು ಅಂಕ, ಬುಗ್ಗೆಯಲ್ಲಿ ಕೋತಿಗಳೂ ಇದ್ದರೆ ಮೂರು. ಇದನ್ನು ಓದಿದಾಗ ಎಲ್ಲರೂ ಒಂದೇ ಸಲ ತಲೆ ಎತ್ತಿದರು. ದೇವರಾಯನದುರ್ಗದಲ್ಲಿ ಕೋತಿ ಬಂದರೆ ಅಂಕ ಹೆಚ್ಚಾಗಲ್ಲ, ಚೀಲ ಕಮ್ಮಿಯಾಗುತ್ತೆ.

ಮಾವ ಆಡಿದ ರೀತಿಯೇ ಬೇರೆ. ಹಿಂದೆ ಉಳಿದವರಿಗೆ ಸರದಿ ಅನ್ನೋ ನಿಯಮ ಅವರ ಮೂವತ್ತು ವರ್ಷದ ಸರ್ವೀಸಿಗೇ ವಿರುದ್ಧವಾಗಿತ್ತು. ಮಗನಿಗೆ ಆಟದ ಗುಟ್ಟು ಬೇಗ ಹತ್ತಿತು. ಒಂದೊಂದೇ ಮನೆ ಇಡುತ್ತ, ನಾವೆಲ್ಲ ಮುಂದೆ ಹಾರಿದ್ದರಿಂದ ಮೂರು ಮೂರು ಸರದಿ ತಾನೇ ಆಡುತ್ತಿದ್ದ. ಮಾವ ತಡೆದು ತಡೆದು ಕೊನೆಗೆ, "ಏಯ್ ಮುಂದೆ ಹೋಗೋ, ಮುಂದೆಲ್ಲ ಖಾಲಿ ಇದೆ, ಬಾಗ್ಲಲ್ಲೇ ನಿಂತ್ಕೋಬೇಡ!" ಅಂತ ಕೂಗಿದರು. ಅವನ ಕಾಯಿ ಒಂದು ಮನೆ ಸರಿದಾಗ ತಾವೇ "ರೈಟ್" ಅಂದರು.

ಚಿಲ್ಲರೆ ತೊಂದರೆ ಶುರುವಾಗಿದ್ದೂ ಅವರಿಂದಲೇ. ಹೊಲದ ಮನೆಗೆ ಬಂದವರಿಗೆ ಬ್ಯಾಂಕು ಮೂರು ನಾಣ್ಯ ಕೊಡಬೇಕು. ನಾನು ಹೊಲಕ್ಕೆ ಬಂದೆ. ಮಾವ ಒಂದು ನಾಣ್ಯ ಕೊಟ್ಟರು.

"ಇನ್ನೆರಡು ಮಾವ?"

"ಚಿಲ್ಲರೆ ಇಲ್ಲಮ್ಮ. ಆಮೇಲೆ ಇಸ್ಕೋ."

ತೊಡೆಯ ಕೆಳಗೆ ಡಬ್ಬಿ ಗಲಗಲ ಅನ್ನುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಕಿವಿಯ ಸಂದಿಯಿಂದ ಬಾಲ್‌ಪೆನ್ನು ತೆಗೆದು, ನನ್ನ ಗದ್ದೆಯ ಕಾರ್ಡಿನ ಹಿಂಬದಿಗೆ '2' ಅಂತ ಬರೆದು ಸೊನ್ನೆ ಸುತ್ತಿ ಕೊಟ್ಟರು. ಅಷ್ಟು ನಾಜೂಕಾದ ಕಾರ್ಡು. ಅಳಿಸಿದರೆ ಬಣ್ಣ ಕಿತ್ತು ಬರುತ್ತೆ ಅಂತ ಹಾಗೇ ಬಿಟ್ಟಿದ್ದೇನೆ. ಈಗ ಆ ಕಾರ್ಡು ಗುಂಪಿನಲ್ಲಿ ಎಲ್ಲಿದ್ದರೂ ಹಿಂದಿನಿಂದಲೇ ಗೊತ್ತಾಗುತ್ತದೆ.

ನಾಲ್ಕು ಜನಕ್ಕೂ ಹೀಗೇ ಬಾಕಿ ಬೆಳೆದು ಗಲಾಟೆಯಾದಾಗ ಮಾವ ಮರ್ಯಾದೆಗೆ ಅಂಜಿ, ಜೇಬಿನಿಂದ ಹನ್ನೊಂದು ಒಂದು ರೂಪಾಯಿ ನಾಣ್ಯ ತೆಗೆದು ಹಂಚಿದರು. ಡಬ್ಬಿ ಮಾತ್ರ ಬಿಚ್ಚಲಿಲ್ಲ! ಅಲ್ಲಿಂದ ಮುಂದೆ ಚಾಪೆಯ ಮೇಲೆ ಜಪಾನಿನ ರಟ್ಟಿನ ದುಡ್ಡೂ ರಿಸರ್ವ್ ಬ್ಯಾಂಕಿನ ದುಡ್ಡೂ ಒಟ್ಟಿಗೆ ಓಡಾಡತೊಡಗಿದವು.

ಪೆಟ್ಟಿಗೆ ಮೇಲೆ 45 ನಿಮಿಷದ ಆಟ ಅಂತ ಬರೆದಿದೆ. ನಮಗೆ ಎರಡೂವರೆ ಗಂಟೆ ಹಿಡಿಯಿತು. ಮಾವ 71 ಅಂಕ ಮಾಡಿ ಗೆದ್ದರು, ಅತ್ತೆಗೆ 58. ಉಳಿದವರ ಅಂಕ ಇಲ್ಲಿ ಬೇಡ. ಲೆಕ್ಕದ ಚೀಟಿ ಮಡಿಸುವ ಹೊತ್ತಿಗೆ ಕರೆಂಟು ಹೋಯಿತು. ಕತ್ತಲಲ್ಲಿ ಅತ್ತೆ, "ದುಡ್ಡು ಕಾಲಿಗೆ ಸಿಗತ್ತೆ, ಯಾರೂ ಎದ್ದೇಳ್ಬೇಡಿ, ಲಕ್ಷ್ಮೀನ ತುಳೀಬಾರ್ದು" ಅನ್ನುತ್ತ ಚಾಪೆ ಮೇಲೆ ಕೈಯಾಡಿಸಿದ್ದು ಕೇಳಿಸಿತು. ನಾನು ಮೇಣದಬತ್ತಿ ಹುಡುಕುತ್ತಿದ್ದೆ.

ಮುಂದಿನ ಶನಿವಾರ ಎಲ್ಲರೂ ದೇವರಾಯನದುರ್ಗಕ್ಕೆ ಹೋದೆವು. ಮಾಮೂಲಿನ ಹಾಗೆ ಓಟ. ನಾಮದ ಚಿಲುಮೆಯಲ್ಲಿ ಬಂಡೆಯಿಂದ ಜಿನುಗುವ ನೀರು ನೋಡಲು ಮೂರು ನಿಮಿಷ. ಕೆಳಗಿನ ಭೋಗನರಸಿಂಹನಿಗೆ ಒಂದು ನಮಸ್ಕಾರ, ಮೇಲಿನ ಯೋಗನರಸಿಂಹನಿಗೆ ಒಂದು, ಊಟದ ಹೊತ್ತಿಗೆ ಮನೆ. ಮೊಮ್ಮಗನ ಪರೀಕ್ಷೆಗೆ ಹೊತ್ತಿದ್ದ ಹರಕೆಯ ಮುಡಿಪನ್ನು ಅತ್ತೆ ಅರಿಶಿನದ ಬಟ್ಟೆ ಸಮೇತ ಹುಂಡಿಗೆ ಹಾಕಿದರು.

ಮಾರನೇ ದಿನ ಮಗ ಪೆಟ್ಟಿಗೆ ತೆಗೆದು ಎಣಿಸಿದ. ಏಳು ಕಮ್ಮಿ. ಚಾಪೆ ಕೊಡವಿದೆವು, ಸೋಫಾ ಸರಿಸಿದೆವು. ಅತ್ತೆ ದೇವರ ಮನೆಯಿಂದ ನಿಧಾನವಾಗಿ ಬಂದರು.

"ಅವತ್ತು ಕರೆಂಟ್ ಹೋದಾಗ ಬಾಚಿದ್ನಲ್ಲ, ಎಲ್ಲಾ ನಮ್ ತಮ್ಮನ ರೂಪಾಯಿ ಅಂದ್ಕೊಂಡು ಮುಡಿಪಿಗೆ ಕಟ್ಬಿಟ್ಟೆ."

"ರಟ್ಟು ಅಂತ ಕೈಗೆ ಗೊತ್ತಾಗ್ಲಿಲ್ವಾ ಅಮ್ಮ?" ಅಂದರು ಇವರು.

"ಈಗಿನ್ ರೂಪಾಯಿಗೂ ರಟ್ಟಿಗೂ ಏನೋ ವ್ಯತ್ಯಾಸ?"

ಹುಂಡಿ ಎಣಿಸುವವರ ಕೈಗೆ ನಡುವೆ ಚೌಕ ತೂತಿರುವ ಏಳು ನಾಣ್ಯ ಸಿಕ್ಕಾಗ ಅವರ ಮುಖ ಹೇಗಿರಬಹುದು ಅಂತ ನಾನು ಯೋಚಿಸುತ್ತಿದ್ದೆ. ಮಗ ಬೇರೆ ಯೋಚಿಸುತ್ತಿದ್ದ. ಆಟದಲ್ಲಿ ದೇವಸ್ಥಾನದ ಮನೆಯೂ ಇದೆ. ಅಲ್ಲಿ ಹಾಕಿದ ಪ್ರತಿ ನಾಣ್ಯಕ್ಕೆ ಒಂದು ಅಂಕ, ಕೊನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಾಕಿದವರಿಗೆ ಇನ್ನೂ ಹತ್ತು. ಅವತ್ತು ನಾವ್ಯಾರೂ ಅಲ್ಲಿ ಒಂದು ಕಾಸೂ ಬಿಚ್ಚಿರಲಿಲ್ಲ.

"ಅಜ್ಜಿ, ಏಳು ಪ್ಲಸ್ ಹತ್ತು ಹದಿನೇಳು. ಐವತ್ತೆಂಟಕ್ಕೆ ಸೇರಿಸಿದ್ರೆ ಎಪ್ಪತ್ತೈದು!"

ಅತ್ತೆ ತಡಮಾಡಲಿಲ್ಲ. ಗುಬ್ಬಿಗೆ ಫೋನ್ ಹಚ್ಚಿಸಿ, ಸ್ಪೀಕರ್ ಹಾಕಿಸಿ, ತಮ್ಮನಿಗೆ ಫಲಿತಾಂಶ ತಿಳಿಸಿದರು.

"ನಡಿಯಲ್ಲ ಕಣಕ್ಕ" ಅಂದರು ಮಾವ. "ಎಡೋದಲ್ಲಿ ಇಳಿದಾದ್ಮೇಲೆ ಹಾಕಿದ್ದದು. ಬಸ್ ಇಳಿದ್ಮೇಲೆ ಟಿಕೆಟ್ ತಗೊಂಡ್ರೆ ಚೆಕಿಂಗಿನವ್ರು ಬಿಡ್ತಾರಾ?"

"ದೇವ್ರಿಗೆ ಹಾಕಿದ್ದಕ್ಕೆ ಎಂಥಾ ಚೆಕಿಂಗೋ?"

"ಅದಿರ್ಲಿ. ಆ ಮುಡಿಪಲ್ಲಿ ನನ್ ಹನ್ನೊಂದ್ ರೂಪಾಯಿನೂ ಹೋಯ್ತಲ್ಲ, ಅದನ್ ಕೊಡು ಮೊದ್ಲು."

ಅತ್ತೆ ಫೋನಿಗೆ ಇನ್ನಷ್ಟು ಹತ್ತಿರ ಬಗ್ಗಿದರು.

"ಚಿಲ್ಲರೆ ಇಲ್ಲಪ್ಪ. ಆಮೇಲೆ ಇಸ್ಕೋ."