ಮಣ್ಣು ಪಾಸ್, ಗೋಡೆ ಫೇಲ್

ಮೊನ್ನೆ ಮಳೆಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತ ತಡೆಗೋಡೆಯ ಸುದ್ದಿ ನೀವೂ ಓದಿರ್ತೀರಿ. ಮಣ್ಣು ಪರೀಕ್ಷೆ ಮಾಡಿಸಿಯೇ ಕಟ್ಟಿದ್ದು ಅಂತ ಹೇಳಿಕೆ ಬಂದಿದೆ. ನಿಜ, ಅದಕ್ಕೆ ನಾನೇ ಸಾಕ್ಷಿ. ಮಾರ್ಚ್‌ನಲ್ಲಿ ಕೊರೆಯೋಕೆ ಬಂದಾಗ ಎದುರಿನ ಅಂಗಡಿಯಲ್ಲಿ ಕಾಫಿ ಕುಡೀತಾ ಕೂತಿದ್ದೆ.

ಗೋಡೆ ಬರಬೇಕಾದ್ದು ಇಳಿಜಾರಿನಲ್ಲಿ. ತೂತು ಕೊರೆದದ್ದು ರಸ್ತೆ ಬದಿಯ ಸಮತಟ್ಟಿನಲ್ಲಿ, ಯಾಕಂದ್ರೆ ಗಾಡಿ ಬರೋದು ಅಲ್ಲೀವರೆಗೆ, ನೆರಳೂ ಇತ್ತು. ಮೂರು ಕಾಲಿನ ಸ್ಟ್ಯಾಂಡು, ಹಗ್ಗದ ತುದಿಗೆ 63.5 ಕೆಜಿ ಸುತ್ತಿಗೆ. ಅದನ್ನು 75 ಸೆಂ.ಮೀ. ಎತ್ತಿ, ತೂತಿನಲ್ಲಿಟ್ಟ ಕೊಳವೆಗೆ ಪೆಟ್ಟು ಬೀಳುವ ಹಾಗೆ ಬಿಡಬೇಕು. ಕೊಳವೆ ಮೊದಲ 15 ಸೆಂ.ಮೀ. ಇಳಿಯುವ ಪೆಟ್ಟು ಲೆಕ್ಕಕ್ಕಿಲ್ಲ, ಆಮೇಲಿನ 30 ಸೆಂ.ಮೀ.ಗೆ ಬಿದ್ದ ಪೆಟ್ಟೇ 'ಎನ್ ವ್ಯಾಲ್ಯೂ'; ಪೆಟ್ಟು ಹೆಚ್ಚಾದಷ್ಟೂ ಮಣ್ಣು ಗಟ್ಟಿ ಅಂತ ಲೆಕ್ಕ. ಎಣಿಸ್ತಿದ್ದ ಹುಡುಗನಿಗೆ ಅಷ್ಟರಲ್ಲಿ ಫೋನ್ ಬಂತು.

"ಎಷ್ಟಾಯ್ತೋ?"

"ಹದಿನೇಳು... ಹದಿನೆಂಟಿರಬೇಕಣ್ಣ."

"ಇಪ್ಪತ್ತು ಬರ್ಕೋ."

ಎಂಥ ಧಾರಾಳ ನೋಡಿ! ನಮಗೆ ಪರೀಕ್ಷೆಯಲ್ಲಿ ಯಾವ ಮೇಷ್ಟ್ರೂ ಹೀಗೆ ಗ್ರೇಸ್ ಮಾರ್ಕ್ಸ್ ಕೊಡಲಿಲ್ಲ.

ನಾಲ್ಕು ಮೀಟರ್‌ಗೆ ಠಣ್ ಅಂತು. ಬಂಡೆ ಸಿಕ್ತು ಅಂತ ಗಂಟುಮೂಟೆ ಕಟ್ಟಿದರು. ನಮ್ಮ ಮನೆ ಬಾವಿ ತೋಡಿದ ಅಜ್ಜನ ನೆನಪಾಯ್ತು. ಅವರಿಗೂ ಹೀಗೇ ಕಲ್ಲು ಅಡ್ಡ ಬಂದಿತ್ತು. ಬೀಡಿ ಹಚ್ಚಿ, ಹಾರೆಯಿಂದ ಸುತ್ತಲೂ ಕುಟ್ಟಿ, "ಇದು ಉಂಡೆಕಲ್ಲು ಮಗಾ, ಬಂಡೆ ಅಲ್ಲ" ಅಂದಿದ್ದರು. ಹಲಸಿನ ತೊಳೆಯೊಳಗೆ ಬೀಜ ಇದ್ದ ಹಾಗೆ, ನಮ್ಮ ಮಣ್ಣಿನೊಳಗೆ ಕಲ್ಲು. ಅದರಡಿ ಮೊದಲು ಕೆಂಪು, ಆಮೇಲೆ ಹಳದಿ, ಕೊನೆಗೆ ಹಿಟ್ಟಿನ ಹಾಗೆ ಬಿಳಿ ಮಣ್ಣು, ಮುಟ್ಟಿದ್ರೆ ಜಾರೋದು. ಕಲ್ಲು ಸಿಕ್ಕಾಗ ಡೈಮಂಡ್ ಬಿಟ್ ಹಾಕಿ ಇನ್ನಷ್ಟು ಕೊರೆದು ನೋಡಬೇಕು ಅನ್ನೋದೂ ಅದಕ್ಕೇ. ಅಜ್ಜನ ಹತ್ರ ಬಿಟ್ ಇರಲಿಲ್ಲ, ಪುರುಸೊತ್ತಿತ್ತು.

ಇನ್ನು 'ಅಲುಗಾಡದ ಮಣ್ಣಿನ ಮಾದರಿ', ಅಂದ್ರೆ ನೆಲದೊಳಗೆ ಇದ್ದ ಹಾಗೇ ತೆಗೆದ ಮಣ್ಣು. ತೆಳು ಕೊಳವೆಯಲ್ಲಿ ಹಿಡಿದು, ಎರಡೂ ತುದಿಗೆ ಮೇಣ ಹಾಕಿ, ಮಗುವಿನ ಹಾಗೆ ಒಯ್ಯಬೇಕಂತೆ. ಒಯ್ದರು. ಪಿಕಪ್ಪಿನ ಹಿಂಬದಿಯಲ್ಲಿ, ಸ್ಟೆಪ್ನಿ ಪಕ್ಕ, ನಮ್ಮ ರಸ್ತೆಯ ಅಷ್ಟೂ ಗುಂಡಿ ಹಾದು! ಉಳಿದದ್ದು ಪ್ಲಾಸ್ಟಿಕ್ ಕವರಿನಲ್ಲಿ, ಇಡ್ಲಿ ಹಿಟ್ಟಿನ ಹಾಗೆ ಗಂಟು ಹಾಕಿಸಿಕೊಂಡು ಹೋಯ್ತು.

ವರದಿಯಲ್ಲಿ ನನಗೆ ತುಂಬಾ ಇಷ್ಟವಾದ ಸಾಲು: 'ಅಂತರ್ಜಲ ಕಂಡುಬಂದಿಲ್ಲ'. ಮಾರ್ಚ್‌ನಲ್ಲಿ ಸ್ವಾಮಿ! ಗೋಡೆಗೆ ನೀರು ಒತ್ತೋದು ಜುಲೈನಲ್ಲಿ. ಬೇಸಿಗೆಯಲ್ಲಿ ಕೊಡೆ ಬಿಚ್ಚಿ, ಸೋರಲ್ಲ ಅಂತ ಸರ್ಟಿಫಿಕೇಟ್ ಕೊಟ್ಟ ಹಾಗಾಯ್ತು.

ನಗು ಬರುತ್ತಾ? ನನಗೆ ಈಗೀಗ ಬರ್ತಿಲ್ಲ. ನಮ್ಮ ಕೊಡಗಿನಲ್ಲಿ ಗುಡ್ಡ ಕುಸಿದದ್ದು ನೆನಪಿದೆಯಲ್ಲ: 2018ರಲ್ಲಿ ಮಕ್ಕಂದೂರು, ಜೋಡುಪಾಲ. 2019ರಲ್ಲಿ ತೋರ. 2020ರಲ್ಲಿ ತಲಕಾವೇರಿ. ಗುಡ್ಡದಡಿ ಜನ ಮಣ್ಣಾದರು. ಇಷ್ಟಾದ ಮೇಲೂ ಹತ್ತಡಿ ಕೆಳಗಿಳಿದು ಇನ್ನೊಂದು ತೂತು ಕೊರೆಯೋಕೆ ಸೋಮಾರಿತನ. ಥೂ.

ಈಗ ಗೋಡೆಗೆ ನೀಲಿ ಟಾರ್ಪಾಲ್ ಹೊದಿಸುತ್ತಿದ್ದಾರೆ. ನಿನ್ನೆ ಹೋಗಿ ನೋಡಿದೆ. ಟಾರ್ಪಾಲ್‌ನವನು ಕೆಸರಿನಲ್ಲಿ ಇಳಿಜಾರಿನ ಬುಡದವರೆಗೂ ಇಳಿದು, ಟೇಪ್ ಹಿಡಿದು ಎರಡೆರಡು ಸಲ ಅಳೆದ.